ಹೊಂಬಾಳಮ್ಮನ ಕೈ

ನಾನು ಒಂದು ಕಪ್ಪು ಬಟ್ಟೆ. ಬೆಳಕು ನುಸುಳಬಾರದೆಂದು ನನ್ನನ್ನು ಎರಡು ಪದರ ಮಾಡಿ ಹೊಲಿದು, ಮೂರು ಸಲ ಬಣ್ಣದಲ್ಲಿ ಅದ್ದಿದರು. ಮೈಸೂರಿನ ವರದರಾಜ ಮೊದಲಿಯಾರರ ಫೋಟೋ ಸ್ಟುಡಿಯೋದಲ್ಲಿ ಕ್ಯಾಮೆರಾಕ್ಕೂ ಅವರ ತಲೆಗೂ ಕತ್ತಲು ಕೊಡುವುದು ನನ್ನ ಕೆಲಸ.

ಒಮ್ಮೆ ಅವರಿಗೆ ಕಲಾಪ್ರದರ್ಶನಕ್ಕೆ 'ತಾಯಿ' ಎಂಬ ಚಿತ್ರ ಕಳುಹಿಸುವ ಆಸೆಯಾಯಿತು. ತಾಯಿಯಾಗಿ ಕೂರಲು ಸಂಗೀತದ ಕನಕಾಂಗಿ ಬಂದರು. ಅವರಿಗೆ ಮಕ್ಕಳಿರಲಿಲ್ಲ. ಮಗು, ಸ್ಟುಡಿಯೋಗೆ ನೀರು ಹೊರುತ್ತಿದ್ದ ಹೊಂಬಾಳಮ್ಮನದು. ಏಳು ತಿಂಗಳ ಹೆಣ್ಣುಕೂಸು. ಪಟ ಮೂಡಲು ಎಂಟು ಎಣಿಸುವಷ್ಟು ಹೊತ್ತು ಅಲುಗದೆ ಇರಬೇಕು. ಹೊಸ ಮಡಿಲಲ್ಲಿ ಅದು ಕಿರುಚಿತು. ಕೊನೆಗೆ ಹೊಂಬಾಳಮ್ಮನನ್ನೇ ಕುರ್ಚಿಯ ಹಿಂದೆ ಕೂರಿಸಿ, ಕಾಣದ ಹಾಗೆ ನನ್ನನ್ನು ಹೊದಿಸಿದರು.

"ಕರೀ ಬಟ್ಟೆ ಬ್ಯಾಡ ಬುದ್ಧಿ, ಪಕ್ಕದಾಗೆ ಕೂಸೈತೆ."

"ದೊಡ್ಡ ದೃಷ್ಟಿಬೊಟ್ಟು ಅಂದ್ಕೊಳ್ಳೇ," ಎಂದು ಮೊದಲಿಯಾರರು ನಕ್ಕರು.

ಅವಳು ನನ್ನ ಅಂಚಿನಿಂದ ಕೈ ಹೊರಗೆ ಚಾಚಿ ಮಗುವಿನ ಬೆನ್ನಿಗಿಟ್ಟಳು. ಅಳು ನಿಂತಿತು. ಎಂಟು ಎಣಿಸುವವರೆಗೂ ನನ್ನೊಳಗೆ ಅವಳು ಉಸಿರು ಬಿಡಲಿಲ್ಲ. ಮುಗಿದ ಮೇಲೆ ಮಗು ನನ್ನ ಅಂಚನ್ನು ಬಾಯಿಗಿಟ್ಟು ಚೀಪಿತು.

ಚಿತ್ರಕ್ಕೆ ಪದಕ ಬಂತು. ಆಮೇಲೆ ಊರಿಗೆ ಪ್ಲೇಗ್ ಬಂತು. ಹೊಂಬಾಳಮ್ಮನ ಮಗು ಹೋಯಿತು. ಮುಚ್ಚಿದ್ದ ಸ್ಟುಡಿಯೋ ಮತ್ತೆ ತೆರೆದಾಗ ಅವಳು ಕೊಡವಿಲ್ಲದೆ ಬಂದು ನಿಂತಳು.

"ಕೂಸಿನ ಮೊಕ ಮರ್ತೋಯ್ತಾ ಐತೆ ಬುದ್ಧಿ. ಪಟ ಒಂದ್ಸಲ ತೋರ್ಸಿ."

ತೋರಿಸಿದರು. ಕನಕಾಂಗಿಯ ಮಡಿಲಲ್ಲಿ ಮಗು, ಹಿಂದೆಲ್ಲ ಕಪ್ಪು. ಬಹಳ ಹೊತ್ತು ನೋಡಿದಳು.

"ಬೆನ್ನಿಗೆ ನನ್ ಕೈ ಕೊಟ್ಟಿದ್ನಲ್ಲ. ಎಲ್ಲಿ?"

ಆ ಬಿರುಕುಬಿಟ್ಟ ಬೆರಳುಗಳು ಮಡಿಲಿಗೆ ಒಪ್ಪಲಿಲ್ಲವೆಂದು, ಮೊದಲಿಯಾರರು ಪಟ ಮೂಡಿದ್ದ ಗಾಜಿನ ಮೇಲೆ ಸಣ್ಣ ಚಾಕುವಿನಿಂದ ಅವನ್ನು ಕೆರೆದು ತೆಗೆದದ್ದನ್ನು ನಾನು ನೋಡಿದ್ದೆ.

"ಅಳಿಸಿಬಿಟ್ಟೆ ಕಣಮ್ಮ," ಎಂದರು. ಅಲ್ಲಿಯವರೆಗೆ ಅವರು ಅವಳನ್ನು ಅಮ್ಮ ಎಂದು ಕರೆದಿರಲಿಲ್ಲ. "ತಗೋ, ಈ ಪಟ ನೀನೇ ಇಟ್ಕೋ."

"ಬ್ಯಾಡ ಬುದ್ಧಿ. ಇದು ಆಯಮ್ಮನ ಕೂಸು."

ಪಟವನ್ನು ಮೇಜಿನ ಮೇಲಿಟ್ಟಳು. ಮೊಳೆಯಲ್ಲಿದ್ದ ನನ್ನನ್ನು ತೆಗೆದು ಹೊದ್ದು, ಕುರ್ಚಿಯ ಹಿಂದೆ ಕುಳಿತಳು. ಅಂಚಿನಿಂದ ಒಂದು ಕೈ ಹೊರಗೆ ಚಾಚಿದಳು. ಮೊದಲಿಯಾರರು ತಡೆಯಲಿಲ್ಲ. ನಾನು ಎಣಿಸಿದೆ. ಎಂಟಾಯಿತು, ಎಂಟು ದಾಟಿತು. ಕೈ ಹಾಗೆಯೇ ಇತ್ತು.

ಈಗ ಯಾರದೋ ಮನೆಯ ಮೂಲೆಯಲ್ಲಿ ಕೆಟ್ಟ ಕ್ಯಾಮೆರಾಕ್ಕೆ ಮುಸುಕಾಗಿದ್ದೇನೆ. ಕತ್ತಲು ಕೊಡುವುದಷ್ಟೇ ನನಗೆ ಗೊತ್ತಿದ್ದ ಕೆಲಸ. ಅಂದು ಅದನ್ನು ಚೆನ್ನಾಗಿಯೇ ಮಾಡಿದೆನಲ್ಲ ಎಂದು ಕೊರಗುತ್ತೇನೆ. ಮಗು ಚೀಪಿದ ಕಡೆ ಬಣ್ಣ ಬಿಟ್ಟು ಅಂಗೈ ಅಗಲ ಬಿಳಿಚಿಕೊಂಡಿದೆ. ನೆಂಟರು ಬರುವ ದಿನ ಮನೆಯವರು ಅದು ಕಾಣದಂತೆ ನನ್ನ ಅಂಚನ್ನು ಒಳಗೆ ಮಡಿಚುತ್ತಾರೆ.