ಸ್ಲಿಮ್ಮನ ಹೆಬ್ಬೆರಳು

ಪದ್ಯದಲ್ಲಿ ಹೆಬ್ಬೆರಳಿನ ಮಾತು ಬರಲು ಇನ್ನು ನಾಲ್ಕೇ ಸಾಲು. ಮುಂದಿನ ಕುರ್ಚಿಯಲ್ಲಿ ಕೂತಿದ್ದ ನೆಡ್ರಾ ಎಂದಿನಂತೆ ಬಲಗೈಯನ್ನು ಕೋಟಿನ ಜೇಬಿಗೆ ಸೇರಿಸಲು ಹೋದವಳು, ಇವತ್ತು ಬೇಡ ಎಂದುಕೊಂಡು ತೊಡೆಯ ಮೇಲೇ ಇಟ್ಟುಕೊಂಡಳು. ಕೈಗವಸಿನ ಹೆಬ್ಬೆರಳಿನ ಜಾಗಕ್ಕೆ ಕುರಿಯ ಉಣ್ಣೆ ತುರುಕಿದ್ದಳು. ನೋಡಿದವರಿಗೆ ಐದೂ ಬೆರಳು ನೆಟ್ಟಗಿದ್ದಂತೆ ಕಾಣುತ್ತಿತ್ತು.

ವೇದಿಕೆಯ ಮೇಲೆ ಅವಳ ಗಂಡ ಡ್ವೇನ್. ಎಪ್ಪತ್ತಾರು ವಯಸ್ಸು, ಕಪ್ಪು ಹ್ಯಾಟು, ಕೊರಳಿಗೆ ರೇಷ್ಮೆ ವಸ್ತ್ರ. ಪ್ರತಿ ಜನವರಿಯಲ್ಲಿ ನೆವಾಡಾದ ದನ ಸಾಕುವವರೆಲ್ಲ ಸೇರುವ ಈ ಕೌಬಾಯ್ ಕವಿಗಳ ಮೇಳದಲ್ಲಿ ಅವನ ಪದ್ಯ ಇಲ್ಲದಿದ್ದರೆ ಜನಕ್ಕೆ ಮೇಳ ಮುಗಿದಂತೆ ಅನ್ನಿಸುವುದಿಲ್ಲ. ಇಲ್ಲಿ ಕಾಗದ ನೋಡಿ ಓದುವವನನ್ನು ಯಾರೂ ಕವಿ ಅನ್ನುವುದಿಲ್ಲ. ಬಾಯಿಪಾಠ ಬರಬೇಕು. ಮರೆತರೆ ಎದುರಿಗೆ ಕೂತ ಹೆಂಡತಿಯೋ ಗೆಳೆಯನೋ ಮೆಲ್ಲಗೆ ಎತ್ತಿಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ.

ಪದ್ಯದ ಕಥೆ ಇಷ್ಟೆ. ಹಿಮಗಾಳಿಯ ಬೆಳಿಗ್ಗೆ ಹೆಪ್ಪುಗಟ್ಟಿದ ಕೆರೆಯಲ್ಲಿ ಬಿದ್ದ ಗಬ್ಬದ ಹಸುವನ್ನು ಡ್ವೇನ್ ಕುದುರೆಯ ಮೇಲಿಂದ ಹಗ್ಗ ಎಸೆದು ಎಳೆಯುತ್ತಾನೆ. ಜೊತೆಗೆ ಬಂದ ಆಳು, ಸ್ಲಿಮ್ ಅನ್ನುವ ಪೆದ್ದ, ಜೀನಿನ ಮುಂದೆ ಕೊಂಬಿನಂತೆ ಎದ್ದಿರುವ ಗೂಟಕ್ಕೆ ಹಗ್ಗ ಸುತ್ತುವಾಗ ನಡುವೆ ಹೆಬ್ಬೆರಳು ಕೊಟ್ಟು ಕಳೆದುಕೊಳ್ಳುತ್ತಾನೆ.

ಹಗ್ಗ ಬಿಗಿಯಿತು, ಸ್ಲಿಮ್ಮನ ಹೆಬ್ಬೆರಳು ಹಾರಿತು,
ಹಿಮದಲ್ಲಿ ಹುಡುಕಿದರೆ ನಾಯಿ ಬಾಯಿ ಒರೆಸಿತು.

ಇಲ್ಲಿಗೆ ಬಂದಾಗ ಇಪ್ಪತ್ತೆರಡು ವರ್ಷದಿಂದ ಸಭೆ ಬಿದ್ದುಬಿದ್ದು ನಗುತ್ತಿತ್ತು.

ದನ ಸಾಕುವ ಅವರ ರಾಂಚಿನಲ್ಲಿ ಸ್ಲಿಮ್ ಅನ್ನುವವನು ಯಾವತ್ತೂ ಇರಲಿಲ್ಲ. ಆಳು ಇಟ್ಟುಕೊಳ್ಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಆ ಬೆಳಿಗ್ಗೆ ಡ್ವೇನ್ ಜ್ವರ ಬಂದು ಮೂರು ಕಂಬಳಿ ಹೊದ್ದು ಮಲಗಿದ್ದ. ಕುದುರೆ ಹತ್ತಿ ಹೋದವಳು ನೆಡ್ರಾ. ಹಸುವನ್ನು ದಡಕ್ಕೆ ಎಳೆದ ಮೇಲೆಯೇ ಅವಳು ತನ್ನ ಕೈ ನೋಡಿಕೊಂಡದ್ದು. ಆಮೇಲೆ ಮೊಣಕಾಲೂರಿ ಹಿಮ ಕೆದಕಿ ಹುಡುಕಿದಳು. ಸಿಗಲಿಲ್ಲ.

ಮೊದಲ ಸಲ ಪದ್ಯ ಕೇಳಿದ ದಿನ ಮನೆಗೆ ಬಂದು, ಹೀಗೇಕೆ ಮಾಡಿದೆ ಎಂದು ಕೇಳಿದ್ದಳು. ಅವನು ಬೂಟು ಕಳಚುತ್ತಾ ಹೇಳಿದ್ದ: "ಹೆಂಗಸಿನ ಬೆರಳು ತುಂಡಾಯ್ತು ಅಂದ್ರೆ ಯಾರು ನಗ್ತಾರೆ ಹೇಳು?"

ಅವಳು ಮತ್ತೆ ಆ ಮಾತು ಎತ್ತಿರಲಿಲ್ಲ. ಆದರೆ ಈ ವರ್ಷ ಡ್ವೇನನಿಗೆ ಮರೆವು ಶುರುವಾಗಿತ್ತು. ಒಲೆ ಮೇಲಿಟ್ಟ ಕಾಫಿ, ನಾಯಿಯ ಹೆಸರು, ಒಂದೊಂದಾಗಿ ಕೈಬಿಡುತ್ತಿದ್ದವು. ಇದೇ ಕೊನೆಯ ಮೇಳ ಎಂಬುದು ಇಬ್ಬರಿಗೂ ಗೊತ್ತಿತ್ತು. ತಿಂಗಳಿಡೀ ಅವಳೇ ಎದುರು ಕೂತು ಪದ್ಯ ಹೇಳಿಸಿದ್ದಳು. ಇವತ್ತು ಪಿಕಪ್ ಓಡಿಸುತ್ತಾ, ಒಂದೇ ಒಂದು ಸಲ ನಡೆದದ್ದನ್ನು ನಡೆದ ಹಾಗೆ ಹೇಳು ಅಂದಳು. ಸಾಲನ್ನೂ ತಾನೇ ಕಟ್ಟಿಕೊಟ್ಟಳು:

ಹಗ್ಗ ಬಿಗಿಯಿತು, ನೆಡ್ರಾಳ ಹೆಬ್ಬೆರಳು ಹಾರಿತು,
ಬೆರಳು ಹೋದರೂ ಹಗ್ಗ ಬಿಡಳು, ಹಸು ದಡ ಸೇರಿತು.

"ನನಗಿಂತ ಚೆನ್ನಾಗಿ ಕಟ್ಟಿದೀಯಲ್ಲೇ," ಅಂದು ಅವನು ನಕ್ಕಿದ್ದ. "ಹೇಳ್ತೀನಿ ಬಿಡು."

ಈಗ ಅವನು ಅಲ್ಲಿಗೆ ಬಂದ. "ಹಗ್ಗ ಬಿಗಿಯಿತು..." ಎಂದು ನಿಂತ. ಸಭೆ ನಗಲು ತಯಾರಾಗಿ ಕಾಯಿತು. ಡ್ವೇನ್ ಅವಳತ್ತ ನೋಡಿದ. ಆ ಕಣ್ಣಲ್ಲಿ ಅವಳ ಹೆಸರು ಇರಲಿಲ್ಲ. ದಾರಿ ತಪ್ಪಿದವನ ಗಾಬರಿ ಮಾತ್ರ ಇತ್ತು. ಎತ್ತಿಕೊಡು ಎಂದು ಬೇಡುತ್ತಿದ್ದ.

ಅವಳು ಎದ್ದು ನಿಂತಳು. ಕೈಗವಸು ಎಳೆದು ತೆಗೆದಳು. ಉಣ್ಣೆಯ ಉಂಡೆ ಕೆಳಗೆ ಬಿತ್ತು. ನಾಲ್ಕು ಬೆರಳಿನ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು.

"ನಂದು ಕಣೋ. ಆ ಹೆಬ್ಬೆರಳು ನಂದು."

ಹಿಂದಿನಿಂದ ಒಬ್ಬ ಗೊಳ್ಳೆಂದ. ಸಭೆಗೆ ಸಭೆಯೇ ನಕ್ಕಿತು, ಸಿಳ್ಳೆ ಬಿತ್ತು. ಆ ನಗು ಡ್ವೇನನನ್ನು ದಡಕ್ಕೆ ಎಳೆಯಿತು. ಅವನ ಮುಖ ಅರಳಿತು.

"ನೋಡಿದ್ರಾ ನಮ್ಮ ಮುದುಕೀನ," ಅಂದ. "ಸ್ಲಿಮ್ಮನ ಬೆರಳೂ ತನಗೇ ಬೇಕಂತೆ."

ನಗು ಇಳಿಯುವ ಮೊದಲೇ ಹಳೆಯ ಎರಡು ಸಾಲು, ನಾಯಿಯ ಸಮೇತ, ಒಂದಕ್ಷರ ತಪ್ಪದೆ ಅವನ ಬಾಯಿಂದ ಉರುಳಿ ಬಂದವು. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ಬಾಗಿಲ ಬಳಿ ಮೇಳದ ಮುಂದಾಳು ಗಾರ್ತ್ ಇಬ್ಬರ ಬೆನ್ನನ್ನೂ ತಟ್ಟಿ, ಇಷ್ಟು ವರ್ಷ ಇದನ್ನೇಕೆ ಮಾಡಲಿಲ್ಲ, ಬರುವ ವರ್ಷವೂ ಜೋಡಿಯಾಗಿಯೇ ಬನ್ನಿ ಅಂದ. ಹೊಸ ಬೂಟು ಹಾಕಿದ್ದ ಹುಡುಗಿಯೊಬ್ಬಳು ನೆಡ್ರಾಳ ತೋಳು ಹಿಡಿದು ಮೆಚ್ಚುಗೆಯಿಂದ ಕೇಳಿದಳು:

"ಅಜ್ಜಿ, ಹೆಬ್ಬೆರಳನ್ನ ಒಂಚೂರೂ ಕಾಣದ ಹಾಗೆ ಹೇಗೆ ಮಡಚಿಟ್ರಿ?"

ನೆಡ್ರಾ ಕೈಗವಸು ಹಾಕಿಕೊಂಡಳು. ಉಣ್ಣೆ ಸಭಾಂಗಣದಲ್ಲೇ ಉಳಿದಿತ್ತು, ಕುರ್ಚಿಯ ಕೆಳಗೆ. ಹೆಬ್ಬೆರಳಿನ ಜಾಗ ಖಾಲಿಯಾಗಿ ಜೋತಾಡಿತು.

ಊರು ದಾಟಿದ ಮೇಲೆ ಎರಡೂ ಕಡೆ ಹಿಮ ಹೊದ್ದ ಬಯಲು, ಬೇಲಿ, ಅಲ್ಲೊಂದು ಇಲ್ಲೊಂದು ದನ. ಡ್ವೇನ್ ಖುಷಿಯಲ್ಲಿದ್ದ. ತೊಡೆಯ ಮೇಲೆ ತಾಳ ಹಾಕುತ್ತಾ ಪದ್ಯವನ್ನು ಮೊದಲಿಂದ ಹೇಳತೊಡಗಿದ. ಕೆರೆ ಬಂತು, ಹಸು ಬಂತು. "ಹಗ್ಗ ಬಿಗಿಯಿತು..." ಎಂದು ನಿಂತ.

ಅವಳತ್ತ ತಿರುಗಿ ಕಾದ.

ನೆಡ್ರಾ ರಸ್ತೆ ನೋಡುತ್ತಾ, ನಾಲ್ಕು ಬೆರಳಲ್ಲಿ ಗೇರ್ ಬದಲಿಸಿದಳು.