ಹೊನ್ನವ್ವನ ನಿದ್ದೆ ಮತ್ತು ಕೊರಿಯಾದ ಬೇರು

"ನೀ ಯಾರ ಪೈಕಿ ತಂಗಿ?"

ಮಸ್ಕತ್ತಿನ ರೂವಿ ಬಡಾವಣೆಯ ಫ್ಲ್ಯಾಟಿನ ಅಡುಗೆಮನೆ ಬಾಗಿಲಲ್ಲಿ ನಿಂತು ಅತ್ತೆ ಹೀಗೆ ಕೇಳಿದಾಗ ಮಾಧುರಿಯ ಕೈಯಿಂದ ಚಹಾದ ಸೋಸಣಿಗೆ ಜಾರಿ ಸಿಂಕಿಗೆ ಬಿತ್ತು. ಮದುವೆಯಾದಾಗಿನಿಂದ ಒಂದೇ ಮನೆಯಲ್ಲಿದ್ದವರು. ಹೊನ್ನವ್ವ ಅರೆಗಳಿಗೆ ಸೊಸೆಯ ಮುಖವನ್ನೇ ದಿಟ್ಟಿಸಿ, "ಅಯ್ಯ, ಮಾಧುರಿ ನೀನೇನ? ಕಣ್ಣಿಗೆ ಮಂಜ ಕವದಂಗಾತು ನೋಡು" ಎಂದು ನಗಲು ನೋಡಿದಳು. ನಗು ತುಟಿಯವರೆಗೆ ಬರಲಿಲ್ಲ.

ಗದಗಿನ ಸ್ಟೇಶನ್ ರಸ್ತೆಯಲ್ಲಿ ಖಾನಾವಳಿ ನಡೆಸಿ, ಒಬ್ಬನೇ ಮಗ ಸಚ್ಚಿದಾನಂದನನ್ನು ಇಂಜಿನಿಯರ್ ಮಾಡಿದ ಹೆಂಗಸು ಆಕೆ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ, ನೋವಿಗೆ ನಿದ್ದೆ ಬಾರದೆಂದು ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟಿದ್ದರು. ನೋವು ಹೋಯಿತು, ಗುಳಿಗೆ ಉಳಿಯಿತು. ಅದನ್ನು ನುಂಗಿದರೆ ಮೊದಲೆಲ್ಲ ಬೆಳಗಾಗುವವರೆಗೂ ಮಿಸುಕಾಡುತ್ತಿರಲಿಲ್ಲ. ಈಚೆಗೆ ಮಾತ್ರ ನಿದ್ದೆ ಹತ್ತಿರ ಸುಳಿಯದು. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಸಣ್ಣದಕ್ಕೂ ಸಿಡುಕು. ಒಲೆಯ ಮೇಲೆ ಹಾಲಿಟ್ಟದ್ದು ಮರೆತು ಬಾಲ್ಕನಿಯಲ್ಲಿ ನಿಲ್ಲುವುದು. ಈಗ ಇದು.

ಸಚ್ಚಿದಾನಂದ ದೂರದ ದುಕ್ಮ್ ಎಂಬ ಊರಿನಲ್ಲಿ ಹೊಸ ಬಂದರಿನ ಕೆಲಸದಲ್ಲಿದ್ದ. ಹದಿನೈದು ದಿನಕ್ಕೊಮ್ಮೆ ಕಂಪನಿ ಬಸ್ಸಿನಲ್ಲಿ ಮಸ್ಕತ್ತಿಗೆ ಬಂದು ಹೋಗುತ್ತಿದ್ದ. ಮಾಧುರಿ ಆತನಿಗೆ ಫೋನು ಮಾಡಿ ಹೇಳಿದಳು. "ಡಾಕ್ಟರಿಗೆ ತೋರ್ಸು. ಏನಂತಾರ ಕೇಳೂಣು" ಎಂದ.

ಮಸ್ಕತ್ತಿನದೇ ಖುರುಮ್‌ನಲ್ಲಿ ನರರೋಗದ ವೈದ್ಯ ಡಾ. ಶ್ಯಾಮಸುಂದರ ಮೈಸೂರಿನವರು. ಹೊನ್ನವ್ವನನ್ನು ಎದುರು ಕೂರಿಸಿಕೊಂಡು ಮೂರು ಶಬ್ದ ಹೇಳಿಕೊಟ್ಟರು, ಆಮೇಲೆ ಊರಿನ ಸುದ್ದಿ ಮಾತಾಡಿಸಿ ಮತ್ತೆ ಆ ಶಬ್ದಗಳನ್ನು ಕೇಳಿದರು. ಹೊನ್ನವ್ವನಿಗೆ ಒಂದೂ ನೆನಪಾಗಲಿಲ್ಲ.

"ಈ ಗುಳಿಗೆ ಬಿಟ್ಟು ಬೇರೆ ಏನಾದ್ರೂ ಔಷಧ ತಗೋತಿದ್ದೀರಾ ಅಮ್ಮ?"

"ಇಲ್ಲರೀ. ಔಷಧ ಅಂದ್ರ ನನಗ ಆಗೂದಿಲ್ಲ."

ಡಾಕ್ಟರು ರಕ್ತಪರೀಕ್ಷೆಗೂ ಸ್ಕ್ಯಾನಿಗೂ ಬರೆದರು. ಹೊರಗೆ ಮಾಧುರಿಗೆ, "ಮರೆವಿನ ಕಾಯಿಲೆ ಶುರುವಾಗಿರಬಹುದು, ಇಲ್ಲದೇನೂ ಇರಬಹುದು. ಈಗಲೇ ಹೆಸರಿಡೋದು ಬೇಡ" ಎಂದರು. ಟ್ಯಾಕ್ಸಿಯಲ್ಲಿ ಹೊನ್ನವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

ಮಾಧುರಿಯ ಕೆಲಸವೂ ಮಿದುಳಿನದೇ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳಿಗೆ ಮಸ್ಕತ್ತಿನ ಒಂದು ಪ್ರಯೋಗಾಲಯದಲ್ಲಿ ಡಾ. ರಯ್ಯಾ ಎಂಬ ಒಮಾನಿ ವಿಜ್ಞಾನಿಯ ಕೈಕೆಳಗೆ ಸಹಾಯಕಿಯ ಕೆಲಸ ಸಿಕ್ಕಿತ್ತು. ನರಕೋಶಗಳ ಮೈಮೇಲೆ ಪುಟ್ಟ ಬಾಗಿಲುಗಳಂಥ ರಿಸೆಪ್ಟರ್‌ಗಳಿರುತ್ತವೆ. ಗಾಬಾ ಎನ್ನುವ ರಸ ಬಂದು ಕೂತರೆ ಒಂದು ಬಗೆಯ ಬಾಗಿಲು ತೆರೆಯುತ್ತದೆ, ಕೋಶ ತಣ್ಣಗಾಗುತ್ತದೆ, ಮನುಷ್ಯನಿಗೆ ಜೊಂಪು ಹತ್ತುತ್ತದೆ. ನಿದ್ದೆ ಗುಳಿಗೆಗಳಲ್ಲಿ ಬಹುಪಾಲು ಈ ಬಾಗಿಲನ್ನೇ ಇನ್ನಷ್ಟು ಅಗಲ ಮಾಡುತ್ತವೆ. ಕೊರಿಯಾ, ಚೀನಾ ಕಡೆ ಮೈಗೆ ಶಕ್ತಿಯೆಂದು ತಿನ್ನುವ ಜಿನ್ಸೆಂಗ್ ಬೇರಿನ ಸತ್ವಗಳು ಇಲ್ಲಿ ಏನು ಮಾಡುತ್ತವೆ ಎಂಬುದು ಅವರ ಪ್ರಶ್ನೆ. ಕಪ್ಪೆಯ ಮೊಟ್ಟೆಯೊಂದರಲ್ಲಿ ಮನುಷ್ಯನ ಈ ರಿಸೆಪ್ಟರನ್ನು ಬೆಳೆಸಿ, ಕೂದಲಿಗಿಂತ ಸಣ್ಣ ಮೊನೆಯ ಗಾಜಿನ ಕೊಳವೆ ಚುಚ್ಚಿ, ಬಾಗಿಲು ತೆರೆದಾಗ ಹರಿಯುವ ವಿದ್ಯುತ್ತನ್ನು ಅಳೆಯುವುದು ಮಾಧುರಿಯ ಪಾಲಿನ ಕೆಲಸ.

ಆ ವಾರ ಲೆಕ್ಕವೇ ತಾಳೆಯಾಗುತ್ತಿರಲಿಲ್ಲ. ಬೇರಿನಿಂದ ಬೇರ್ಪಡಿಸಿದ ಒಂದು ಸತ್ವ ಹಾಕಿದರೆ ವಿದ್ಯುತ್ತು ಏರುತ್ತಿತ್ತು. ಇಡೀ ಬೇರಿನ ಗಟ್ಟಿ ಕಷಾಯ ಹಾಕಿದರೆ ಇಳಿಯುತ್ತಿತ್ತು.

"ನನ್ನ ಕೈಯೇ ಸರಿಯಿಲ್ಲ ಮೇಡಂ. ತಲೆಯೆಲ್ಲ ಮನೆಯ ಕಡೆ ಇದೆ."

"ನಿನ್ನ ಕೈಗೆ ಏನೂ ಆಗಿಲ್ಲ," ರಯ್ಯಾ ಪರದೆಯ ಮೇಲಿನ ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಿದರು. "ಒಂದೇ ಬೇರಿನ ಹೊಟ್ಟೆಯೊಳಗೆ ಹತ್ತಾರು ಸತ್ವಗಳಿವೆ. ಒಂದು ಬಾಗಿಲು ತಳ್ಳುತ್ತದೆ, ಇನ್ನೊಂದು ಅಡ್ಡ ನಿಲ್ಲುತ್ತದೆ. ಎಷ್ಟು ಹಾಕಿದೆವು ಎನ್ನುವುದೂ ಮುಖ್ಯ. ಯಲ್ಲಾ, ನಡೆ, ಈಗ ನಿದ್ದೆಯ ಔಷಧವನ್ನೂ ಜೊತೆಗೆ ಸೇರಿಸಿ ನೋಡು."

ಮಾಧುರಿ ಸೇರಿಸಿದಳು. ವಿದ್ಯುತ್ತು ಹೆಚ್ಚಿದಷ್ಟೂ ಪರದೆಯ ಗೆರೆ ಕೆಳಗಿಳಿಯುತ್ತದೆ; ಔಷಧ ಒಂದೇ ಇದ್ದಾಗ ಅದು ಆಳಕ್ಕೆ ಧುಮುಕಿತ್ತು. ಕಷಾಯ ಜೊತೆಯಾದದ್ದೇ ಅದರ ಅರ್ಧಕ್ಕೂ ಹೋಗದೆ ಹಿಂದಿರುಗಿತು. ಔಷಧ ಇದ್ದೂ ಇಲ್ಲದಂತೆ. ಇನ್ನೊಂದು ಮೊಟ್ಟೆಯಲ್ಲಿ ನೋಡಿದಳು. ಅಲ್ಲಿಯೂ ಅದೇ.

ಆ ಸಂಜೆ ಮನೆಗೆ ಬಂದು ಅತ್ತೆಯ ಕೋಣೆಯ ಲೋಟ ತೊಳೆಯಲೆಂದು ಎತ್ತಿದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಒದ್ದೆ ಮಣ್ಣಿನಂಥ, ಕಹಿಯ, ಹಿಂದೆಯೇ ತುಸು ಸಿಹಿಯ ವಾಸನೆ. ದಿನವೆಲ್ಲ ಪ್ರಯೋಗಾಲಯದಲ್ಲಿ ಅದನ್ನೇ ಉಸಿರಾಡಿ ಬಂದಿದ್ದಳು. ತನ್ನ ಬಟ್ಟೆಯದೇ ಇರಬೇಕೆಂದು ತೋಳು ಮೂಸಿದಳು. ಅಲ್ಲ, ಲೋಟದ್ದೇ.

"ಅತ್ತೀ, ಇದರಾಗ ಏನ ಕುಡದೀರಿ?"

ಹೊನ್ನವ್ವ ಮಂಚದ ಮೇಲೆ ಮುದುಡಿ ಕುಳಿತಿದ್ದಳು. ಮೊದಲು ಏನೂ ಇಲ್ಲವೆಂದಳು. ಆಮೇಲೆ ಕಪಾಟಿನಲ್ಲಿ ಸೀರೆಗಳ ಹಿಂದೆ ಕೈ ಹಾಕಿ ಒಂದು ಗಾಜಿನ ಭರಣಿ ತೆಗೆದಳು. ಒಳಗೆ ಕಪ್ಪುಗೆಂಪು ಪಾಕ, ಮುಚ್ಚಳದ ಮೇಲೆ ಮನುಷ್ಯಾಕಾರದ ಬೇರಿನ ಚಿತ್ರ.

"ಸಚ್ಚಿ ತಂದಿದ್ದ. ಅವನ ಕೂಡ ಕೆಲಸಾ ಮಾಡೂ ಕೊರಿಯಾದಾಂವ ಕೊಟ್ಟಿದ್ದನಂತ. ತಲಿ ಚುರುಕಾಗ್ತದ, ಒಂದ ಚಮಚ ಸಾಕು ಅಂದ."

"ನೀವು ಎಷ್ಟ ತಗೋತೀರಿ?"

"ಒಂದಕ್ಕ ಏನಾಗ್ತದ ನನ್ನವ್ವ? ಏನರ ಮರತ್ನೆಪಾ ಅಂದ್ರ ಒಂದ ಚಮಚ. ಮತ್ತ ಮರತ್ರ ಮತ್ತೊಂದು."

"ಡಾಕ್ಟರು ಕೇಳಿದಾಗ ಯಾಕ ಹೇಳಲಿಲ್ಲರೀ?"

"ಅದೇನ ಔಷಧ ಅಲ್ಲಲ್ಲ. ಬೇರು."

ಮಾಧುರಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅತ್ತೆಯ ಪಕ್ಕದಲ್ಲಿ ಕುಳಿತಳು. ಹೊನ್ನವ್ವ ಗೋಡೆ ನೋಡುತ್ತ ಹೇಳಿದಳು: "ನಮ್ಮವ್ವ ಕಡೀಕ ನನ್ನ ಗುರುತ ಹಿಡೀಲಿಲ್ಲ. ಉಣಸಾಕ ಹೋದ್ರ 'ನೀ ಯಾರ' ಅಂತ ಕೈ ದೂಡತಿದ್ಳು. ಹಂಗ ಆಗಬಾರದಂತ ಕುಡದೆ. ಹಂಗ ಆಗಾಕತ್ತೇನಿ ನೋಡು."

"ಇಲ್ಲರೀ ಅತ್ತಿ. ಆಗಿರ್ಲಿಕ್ಕಿಲ್ಲ. ತಡೀರಿ, ಕೇಳೂಣು."

ಡಾ. ಶ್ಯಾಮಸುಂದರ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. "ಕಪ್ಪೆ ಮೊಟ್ಟೇಲಿ ಆಗಿದ್ದು ಮನುಷ್ಯರ ತಲೇಲೂ ಹಾಗೇ ಆಗತ್ತೆ ಅಂತ ಹೇಳಕ್ಕಾಗಲ್ಲಮ್ಮ. ಆದರೆ ಇಷ್ಟೊಂದು ಜಿನ್ಸೆಂಗ್ ತಗೊಂಡ್ರೆ ನಿದ್ದೆ ಹೋಗೋದು, ಎದೆ ಬಡ್ಕೊಳ್ಳೋದು ಉಂಟು. ವಾರಗಟ್ಟಲೆ ನಿದ್ದೆ ಇಲ್ದೇ ಇದ್ರೆ ನನಗೂ ನನ್ನ ಹೆಂಡ್ತಿ ಗುರುತು ಸಿಗಲ್ಲ. ಬೇರು ನಿಲ್ಲಿಸಿ. ಗುಳಿಗೆ ಮಾತ್ರ ಒಮ್ಮೆಲೇ ಬಿಡಬೇಡಿ, ನಾನು ಹೇಳಿದ ಹಾಗೆ ನಿಧಾನವಾಗಿ ಇಳಿಸೋಣ."

ಬಿಟ್ಟ ಕೂಡಲೇ ಪವಾಡವೇನೂ ಆಗಲಿಲ್ಲ. ಮೊದಲ ಕೆಲವು ದಿನ ಹೊನ್ನವ್ವನಿಗೆ ತಲೆನೋವು, ಸುಸ್ತು, ಎಲ್ಲರ ಮೇಲೂ ಸಿಟ್ಟು. "ನನ್ನ ಆಧಾರಾನ ಕಸಗೊಂಡ್ರಿ" ಎಂದು ಊಟ ಬಿಟ್ಟು ಕುಳಿತಳು. ಗುರುವಾರ ರಜೆಗೆಂದು ಬಂದ ಸಚ್ಚಿದಾನಂದ ತಾಯಿಯ ಕಾಲ ಬಳಿ ಕುಳಿತು ಪಾದ ಒತ್ತತೊಡಗಿದ. ದುಕ್ಮ್‌ನ ಗಾಳಿ, ಸಮುದ್ರ, ಕ್ಯಾಂಪಿನ ಸಪ್ಪೆ ಸಾಂಬಾರು ಎಂದು ಏನೇನೋ ಹೇಳುತ್ತಿದ್ದ. ನಡುವೆ ತಾಯಿಯ ಹೂಂಗುಡುವಿಕೆ ನಿಂತಿತು. ಮಟಮಟ ಮಧ್ಯಾಹ್ನ, ಕಿಟಕಿಯ ಬೆಳಕು ಮುಖಕ್ಕೆ ಬೀಳುತ್ತಿದ್ದರೂ ಹೊನ್ನವ್ವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಪಿಟ್ಟೆನ್ನದೆ ಅಲ್ಲೇ ನೆಲದ ಮೇಲೆ ಕುಳಿತರು. ಮಿಕ್ಸರ್ ಹಾಕಿದರೆ ಎಚ್ಚರವಾದಾಳೆಂದು ಅಂದು ಸಂಜೆ ಚಟ್ನಿಯೂ ಆಗಲಿಲ್ಲ.

ಸ್ಕ್ಯಾನಿನಲ್ಲಿ ವಯಸ್ಸಿಗೆ ಮೀರಿದ್ದೇನೂ ಕಾಣಲಿಲ್ಲ. ಮತ್ತೆ ಖುರುಮ್‌ಗೆ ಹೋದಾಗ ಹೊನ್ನವ್ವ ಎರಡು ಶಬ್ದ ಸರಿಯಾಗಿ ಹೇಳಿ ಮೂರನೆಯದಕ್ಕೆ ತಡಕಾಡಿದಳು. ಡಾಕ್ಟರು ನಕ್ಕರು. "ವರ್ಷಕ್ಕೊಂದು ಸಲ ಬಂದು ತೋರಿಸಿ. ಈ ಮರೆವು ನಿಮ್ಮ ವಯಸ್ಸಿನವರಿಗೆಲ್ಲ ಇರೋದೇ."

ಸೊಸೆಯಿಂದ ಪ್ರಯೋಗದ ಕಥೆ ಕೇಳಿದ್ದ ಹೊನ್ನವ್ವ ಒಂದು ದಿನ ತಾನೇ ಬಾಯಿಬಿಟ್ಟು ಕೇಳಿದಳು. "ನನ್ನ ಬಿಡಿಸಿದ ಆ ಕಪ್ಪಿ ತತ್ತಿ ತೋರ್ಸ ನನಗ."

ರಯ್ಯಾ ಪ್ರಯೋಗಾಲಯದ ಬಾಗಿಲಿಗೇ ಬಂದು ಆಕೆಯ ಎರಡೂ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು, ಖರ್ಜೂರ ಕೊಟ್ಟು ಉಪಚರಿಸಿದರು. ಭಾಷೆ ಬಾರದಿದ್ದರೂ ಇಬ್ಬರೂ ಮಾತಾಡುತ್ತಲೇ ಇದ್ದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಹೊನ್ನವ್ವನಿಗೆ ಅರ್ಧ ಕಪ್ಪು, ಅರ್ಧ ಬಿಳಿಯ ಗುಂಡು ಮೊಟ್ಟೆ ಕಂಡಿತು.

"ಇದರಾಗ ಮನಿಷ್ಯಾರ ಬಾಗಲಾ?"

"ಹೂಂ ಅತ್ತಿ. ನಿಮ್ಮ ತಲ್ಯಾಗ ಇದ್ದಂಥಾವ."

"ಹಂಗಾರ ಆ ಬೇರು ಕೆಟ್ಟದ್ದೋ, ಛಲೋದೋ?"

ಮಾಧುರಿ ಪ್ರಶ್ನೆಯನ್ನು ರಯ್ಯಾಗೆ ತಿಳಿಸಿದಳು. ರಯ್ಯಾ ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಿಲ್ಲ ಅಂತ ಹೇಳು. ಅದರೊಳಗೆ ಒಳ್ಳೆಯ ನಿದ್ದೆ ಕೊಡುವ ಸತ್ವವೂ ಇರಬಹುದು. ಯಾವುದು, ಎಷ್ಟು, ಯಾವ ಔಷಧದ ಜೊತೆ ಅಂತ ಒಬ್ಬರು ಕೂತು ಹುಡುಕಬೇಕು. ವಯಸ್ಸಾದವರಿಗೆ ಇದು ಬೇಕು. ಮಾಧುರಿ, ಎಷ್ಟು ದಿನ ಸಹಾಯಕಿಯಾಗಿ ಇರುತ್ತೀ? ಪಿಎಚ್.ಡಿ.ಗೆ ಇದನ್ನೇ ತೆಗೆದುಕೋ."

"ಏನಂದ್ರು?" ಹೊನ್ನವ್ವ ಸೊಸೆಯ ಮೊಣಕೈ ತಿವಿದಳು. ಮಾಧುರಿ ಹೇಳಿದಳು.

"ಮತ್ತ ಸುಮ್ಮನ ಯಾಕ ನಿಂತೀ? ಹೂಂ ಅನ್ನು."

ಮಾಧುರಿ ಹೂಂ ಎಂದಳು. ಹೊಸ ಮೊಟ್ಟೆಯೊಂದನ್ನು ತಟ್ಟೆಗಿಳಿಸಿ, ಬೇರ್ಪಡಿಸಿದ ಸತ್ವಗಳಲ್ಲಿ ಇನ್ನೂ ಮುಟ್ಟದಿದ್ದ ಒಂದು ಸೀಸೆ ತೆರೆದಳು. ಹೊನ್ನವ್ವ ಸ್ಟೂಲು ಎಳೆದುಕೊಂಡು ಪರದೆಯ ಎದುರಿಗೇ ಕುಳಿತಳು.