ಅಂಚಿನಾಚೆ ಕುಳಿತ ಗೋಮ್ಲಿ

ಎರೆಹೊಲಗಳಲ್ಲಿ ಹತ್ತಿ ಒಡೆದು ಬೆಳ್ಳಗೆ ಕಾಣುತ್ತಿದ್ದ ಕಾಲ. ನವಲಗುಂದದ ಆ ಓಣಿಯ ಹೆಂಗಸರಲ್ಲಿ ಬಹಳ ಮಂದಿ ಬುತ್ತಿ ಕಟ್ಟಿಕೊಂಡು ಹತ್ತಿ ಬಿಡಿಸಲು ಹೋಗಿದ್ದರು. ಮನೆಯಲ್ಲಿ ಉಳಿದ ಮೆಹಬೂಬಿ ಮತ್ತು ಅವಳ ನಾದಿನಿ ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ನನ್ನನ್ನು ನೇಯುತ್ತಿದ್ದರು. ನಾನು ಒಂದು ಜಮಖಾನ. ಒಂದು ಎಳೆ ಹಾಯಿಸುವುದು, ಕಬ್ಬಿಣದ ಪಂಜದಿಂದ ಬಡಿದು ಕೂರಿಸುವುದು, ಮತ್ತೊಂದು ಎಳೆ ಹಾಯಿಸುವುದು. ಕೆಂಪು ಮೈ, ನೀಲಿ ಪಟ್ಟಿ, ನಡುವೆ ಪಗಡೆ ಹಾಸಿನ ಚಿತ್ರ, ಸುತ್ತಲೂ ಅಗಲವಾದ ಹಳದಿ ಅಂಚು. ಇಷ್ಟಾಗಲು ಅವರಿಗೆ ಬಹಳ ದಿನ ಬೇಕಾಯಿತು.

ಇಬ್ಬರೂ ತಮ್ಮತಮ್ಮಲ್ಲಿ ಉರ್ದು ಆಡುತ್ತಿದ್ದರು. ನೂಲು ತರುವವನು ಬಾಗಿಲಿಗೆ ಬಂದರೆ ಕನ್ನಡ. ಮಾತು ಬದಲಾದರೂ ಕೈ ನಿಲ್ಲುತ್ತಿರಲಿಲ್ಲ. ಹೊಸ್ತಿಲ ಒಳಗೊಂದು ಭಾಷೆ, ಹೊರಗೊಂದು ಭಾಷೆ ಇರುವುದು ಲೋಕದ ರೀತಿಯೆಂದು ನಾನು ಹುಟ್ಟುವಾಗಲೇ ತಿಳಿದುಕೊಂಡೆ.

ನನ್ನನ್ನು ಕೊಳ್ಳಲು ಬಂದವರು ಥಾವರು ನಾಯಕ. ಕಣವಿಹಾಳದ ಹಳ್ಳದ ಆಚೆಗಿನ ಲಂಬಾಣಿ ತಾಂಡಾದ ಹಿರಿಯರು. ಕೆಂಪು ರುಮಾಲು, ನೆರೆತ ಮೀಸೆ. ನನ್ನ ಮೈಮೇಲೆ ಅಂಗೈ ಆಡಿಸಿ ಅವರು ಹೇಳಿದರು:

“ನ್ಯಾಯಕ್ಕ ಹಾಸೂದೈತವ್ವಾ. ಮ್ಯಾಲ ಕುಂತಾವ ಸುಳ್ಳು ಹೇಳಬಾರದು. ಅಂಥಾದ್ದು ಬೇಕು.”

ಮೆಹಬೂಬಿ ನಕ್ಕಳು. “ಅಂಥಾ ನೂಲು ನಮ್ಮ ಕಡೆ ಸಿಗಂಗಿಲ್ಲ ಯಜಮಾನ್ರ. ಗಟ್ಟಿ ಇರತೈತಿ. ಅಷ್ಟ ಹೇಳತೀನಿ.”

ತಾಂಡಾದಲ್ಲಿ ನನಗೆ ದೊಡ್ಡ ಮರ್ಯಾದೆ ಸಿಕ್ಕಿತು. ನಾಯಕರ ಮನೆಯ ಅಟ್ಟದಲ್ಲಿ ಸುರುಳಿಯಾಗಿ ಮಲಗಿರುತ್ತಿದ್ದೆ. ಯಾರದಾದರೂ ಜಗಳ ಬಿಗಿದರೆ ಮಾತ್ರ ನನ್ನನ್ನು ಕೆಳಗಿಳಿಸಿ ಬೇವಿನ ಮರದ ಬುಡದಲ್ಲಿ ಹಾಸುತ್ತಿದ್ದರು. ಹಿರಿಯರು ನನ್ನ ಮೇಲೆ, ತಪ್ಪು ಹೊತ್ತವನು ಹಳದಿ ಅಂಚಿನಾಚೆ. ಮಕ್ಕಳು ಹತ್ತಿರ ಸುಳಿಯುತ್ತಿರಲಿಲ್ಲ. ನ್ಯಾಯ ತೀರಿದ ಮೇಲೆ ಹೊರಗೆ ನಿಂತವನನ್ನು ನಾಯಕರೇ ಹೆಸರು ಹಿಡಿದು ಕರೆಯಬೇಕು. ಆಗ ಅವನು ಒಳಗೆ ಬಂದು ಎಲ್ಲರ ಜೊತೆ ಬೆಲ್ಲ ತಿನ್ನಬೇಕು. ಕರೆಯದೆ ನನ್ನನ್ನು ಮೆಟ್ಟಿದರೆ ಆ ಮನೆಗೆ ಕೇಡು ಎಂದು ಆ ತಾಂಡಾದವರು ನಂಬಿದ್ದರು. ನಾನು ಬರಿ ಹತ್ತಿ ನೂಲು, ನನ್ನಿಂದ ಯಾರಿಗೂ ಕೇಡಿಲ್ಲ. ಆದರೆ ಇದನ್ನು ಯಾರಿಗೆ ಹೇಳಲಿ?

ಒಂದು ಬೇಸಿಗೆಯಲ್ಲಿ ರೂಪ್ಲಾ ಎಂಬವನ ನ್ಯಾಯ ಬಂತು. ಕಬ್ಬು ಕಡಿಯುವ ಗ್ಯಾಂಗಿನ ವಿಷಯಕ್ಕೆ ಮಾತು ಬೆಳೆದು ಅವನು ದೊಡ್ಡಪ್ಪನ ಮಗನ ಮೇಲೆ, ಅಣ್ಣನೆಂದೂ ನೋಡದೆ, ಕೈ ಮಾಡಿದ್ದ. ರುಮಾಲು ತೆಗೆದು ನನ್ನ ಅಂಚಿನ ಹತ್ತಿರ ಇಟ್ಟು ನಿಂತ. ಅವನ ತಾಯಿ ಝಾಲಿಬಾಯಿ ಮೊಮ್ಮಗಳನ್ನು ಮಡಿಲಲ್ಲಿ ಹಿಡಿದು ದೂರ ಕುಳಿತಿದ್ದಳು. ಮಗುವಿನ ಹೆಸರು ಗೋಮ್ಲಿ. ಅಪ್ಪನನ್ನು ಕಂಡು ಅದು ಓಡಿ ಬಂದು ಅಂಚಿಗೆ ಕಾಲಿಡುವಷ್ಟರಲ್ಲಿ ಅಜ್ಜಿ ರಟ್ಟೆ ಹಿಡಿದು ಎಳೆದುಕೊಂಡಳು.

ನಾಯಕರು ಲಂಬಾಣಿಯಲ್ಲಿ ತೀರ್ಪು ಹೇಳಿದರು. ದೀಪಾವಳಿಯ ದಿನ ರೂಪ್ಲಾ ಅಣ್ಣನ ಬಾಯಿಗೆ ಬೆಲ್ಲ ಇಡಬೇಕು, ಆಮೇಲೆ ಇಬ್ಬರೂ ಕೂಡಿ ನನ್ನ ಮೇಲೆ ಕೂರಬೇಕು. ಅಲ್ಲಿಯವರೆಗೆ ಅವನ ಮನೆಯವರು ಯಾರೂ ನನ್ನನ್ನು ಮೆಟ್ಟಬಾರದು.

ದೀಪಾವಳಿಯನ್ನು ನಾಯಕರು ಕಾಣಲಿಲ್ಲ. ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡರು. ಹೇಳಿದ ಬಾಯಿ ಹೋಯಿತು, ಹೇಳಿದ ಮಾತು ಉಳಿಯಿತು. ಅವರ ಜಾಗದಲ್ಲಿ ಕುಳಿತು ನ್ಯಾಯ ಮುಗಿಸುವವರು ಯಾರೂ ಬರಲಿಲ್ಲ. ರೂಪ್ಲಾ ಹೆಂಡತಿಯನ್ನೂ ಹಾಲು ಕುಡಿಯುವ ಮಗನನ್ನೂ ಕರೆದುಕೊಂಡು ಮುಧೋಳದ ಕಡೆ ಕಬ್ಬಿಗೆ ಹೋದ. ಅಣ್ಣ ಬೇರೆ ಗ್ಯಾಂಗಿನಲ್ಲಿ ಬೇರೆ ದಿಕ್ಕಿಗೆ ಹೋದ. ಗೋಮ್ಲಿ ಶಾಲೆ ಕಲಿಯಲೆಂದು ಅಜ್ಜಿಯ ಹತ್ತಿರ ಉಳಿದಳು.

ನಾಯಕರ ಮಗ ಕಿಶನ್ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ಗಟ್ಟಿಗ. ಕಣವಿಹಾಳ ಶಾಲೆಯ ಸಮಿತಿಯಲ್ಲೂ ಇದ್ದ. ಒಂದನೇ ತರಗತಿಯ ಮಕ್ಕಳು ಹರಿದ ಗೋಣಿತಟ್ಟಿನ ಮೇಲೆ ಕೂರುವುದನ್ನು ನೋಡಿ ನನ್ನನ್ನು ಬೈಕಿಗೆ ಕಟ್ಟಿ ತಂದು ಇಳಿಸಿದ. “ಮನ್ಯಾಗ ಇಲಿ ಕಡೀತಾವರೀ ಸರ. ಹುಡುಗರಾದ್ರೂ ಕುಂಡ್ರಲಿ,” ಎಂದ. ಹೆಡ್ ಮಾಸ್ತರರು ಸಂತೋಷದಿಂದ ಹಾಸಿಸಿದರು. ನನ್ನ ಇತಿಹಾಸವನ್ನು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಅದೇ ವಾರ ಮಂಡ್ಯದ ಕಡೆಯಿಂದ ವಿಮಲಾಕ್ಷಿ ಟೀಚರ್ ವರ್ಗವಾಗಿ ಬಂದರು. ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅವರ ಕನ್ನಡ ಊರಿನ ಮಕ್ಕಳಿಗೇ ಅರ್ಧ ತಿಳಿಯುತ್ತಿರಲಿಲ್ಲ. ಅವರು “ಈಚೆಗ್ ಬಾ” ಎಂದರೆ ಮಕ್ಕಳು ಯಾವ ಕಡೆಗೆ ಎಂದು ಮುಖ ನೋಡಿಕೊಳ್ಳುತ್ತಿದ್ದವು. ಆ ತರಗತಿಯಲ್ಲಿ ಕನ್ನಡದ ಮಕ್ಕಳಿದ್ದವು, ಉರ್ದು ಮನೆಯ ಮಕ್ಕಳಿದ್ದವು, ಹಳ್ಳದ ಆಚೆಯಿಂದ ಬರುವ ಇಬ್ಬರು ಲಂಬಾಣಿ ಹುಡುಗಿಯರಿದ್ದರು. ಅಕ್ಕೋರು ಒಳ್ಳೆಯವರು. ಮೂಗು ಸೋರುವ ಮಗುವಿಗೆ ತಮ್ಮ ಸೆರಗಿನಿಂದಲೇ ಒರೆಸುತ್ತಿದ್ದರು.

ಮೊದಲ ದಿನ ಎಲ್ಲ ಮಕ್ಕಳೂ ಬಂದು ನನ್ನ ಮೇಲೆ ದೊಪ್ಪನೆ ಕುಳಿತವು. ಗೋಮ್ಲಿ ಬಾಗಿಲಲ್ಲಿ ನನ್ನನ್ನು ನೋಡಿ ನಿಂತಳು. ಗುರುತು ಹಿಡಿದಳು. ಗೋಡೆ ಹಿಡಿದು ಸುತ್ತಿ ಬಂದು, ಹಳದಿ ಅಂಚಿನಾಚೆ, ಬರಿ ಕಲ್ಲುಹಾಸಿನ ಮೇಲೆ ಕುಳಿತಳು.

“ಬಾರವ್ವ, ಇಲ್ಲಿ ಕೂತ್ಕೊ. ಯಾಕೆ ತಣ್ಣನ್ ನೆಲದ ಮೇಲೆ?” ಎಂದರು ಅಕ್ಕೋರು.

“ಕೋನಿ,” ಎಂದಳು ಗೋಮ್ಲಿ. ಇಲ್ಲ ಎಂದು ಅವಳ ಮನೆಮಾತು.

“ಆಕಿ ಹಂಗೇರಿ ಅಕ್ಕೋರ. ಕನ್ನಡ ಬರಂಗಿಲ್ಲ ಆಕಿಗೆ,” ಎಂದ ಒಬ್ಬ ಹುಡುಗ.

ತಾಂಡಾದ ಇನ್ನೊಂದು ಹುಡುಗಿಗೆ ಎಲ್ಲ ಗೊತ್ತಿತ್ತು. ಅವಳು ಗೋಮ್ಲಿಯ ಕಡೆ ಬಾಗಿ ಲಂಬಾಣಿಯಲ್ಲಿ ಏನೋ ಕೇಳತೊಡಗಿದಳು. ಅಕ್ಕೋರು ಮೆಲ್ಲಗೆ ತಡೆದರು. “ಇಲ್ಲಿ ಕನ್ನಡ ಮಾತಾಡ್ಬೇಕು ಪುಟ್ಟಿ. ಮಾತಾಡ್ತಾ ಮಾತಾಡ್ತಾ ತಾನೇ ಬರೋದು?” ಆ ಹುಡುಗಿ ಬಾಯಿ ಮುಚ್ಚಿದಳು. ಮತ್ತೆ ತೆರೆಯಲಿಲ್ಲ. ನನಗೆ ಬಾಯಿಯೇ ಇರಲಿಲ್ಲ.

ದಿನಗಳು ಕಳೆದವು. ಗೋಮ್ಲಿ ತಪ್ಪದೆ ಬರುತ್ತಿದ್ದಳು, ಅಲ್ಲೇ ಕೂರುತ್ತಿದ್ದಳು. ಸ್ಲೇಟಿನ ಮೇಲೆ ಬರೆಯುವುದನ್ನು ಚೆನ್ನಾಗಿಯೇ ಬರೆಯುತ್ತಿದ್ದಳು. ತೋರಿಸಲು ಮಾತ್ರ ನನ್ನನ್ನು ದಾಟಿ ಬರುತ್ತಿರಲಿಲ್ಲ. ಅಂಚಿನ ಹತ್ತಿರ ಸ್ಲೇಟನ್ನು ನೆಲದ ಮೇಲೆ ನಿಲ್ಲಿಸಿ ಹಿಡಿಯುತ್ತಿದ್ದಳು. ಮಕ್ಕಳ ಗದ್ದಲದಲ್ಲಿ ಅಕ್ಕೋರು ಅದನ್ನು ಕಾಣುತ್ತಿದ್ದುದು ಅಪರೂಪ.

ಒಂದು ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋದಾಗ ಅಕ್ಕೋರು ಹೆಡ್ ಮಾಸ್ತರರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

“ಈ ಮಕ್ಕಳು ಆ ಹುಡುಗೀನ ಮುಟ್ಟಿಸ್ಕೊಳ್ಳಲ್ಲ ಅನ್ಸುತ್ತೆ ಸಾರ್. ಅದಕ್ಕೇ ಅದು ದೂರ ಕೂರುತ್ತೆ. ನಮ್ಮಮ್ಮನ್ನ ಚಿಕ್ಕೋಳಿದ್ದಾಗ ಇಸ್ಕೂಲಿನ ಜಗಲಿ ಮೇಲೆ ಕೂರಿಸ್ತಿದ್ರು. ನನ್ನ ಕ್ಲಾಸಲ್ಲಿ ಅದು ನಡಿಯಲ್ಲ.”

“ಹಂಗೇನಿಲ್ಲ ಬಿಡ್ರಿ. ತಾಂಡಾದ ಹುಡುಗರು ಹೊಸದರಾಗ ಹಂಗ ಅಂಜತಾವು,” ಎಂದರು ಹೆಡ್ ಮಾಸ್ತರರು. ಮತ್ತೆ ತುಸು ಯೋಚಿಸಿ, “ನಾಡಿದ್ದ ಆಫೀಸಿನಿಂದ ಸಾಹೇಬ್ರು ಬರತಾರ. ಅಷ್ಟರಾಗ ಆಕಿ ಒಬ್ಬಾಕಿ ನೆಲದ ಮ್ಯಾಲ ಕಾಣದಂಗ ಏನರ ಮಾಡ್ರಿ. ನೋಡಿದವರು ಬ್ಯಾರೆ ತಿಳಕೋತಾರ,” ಎಂದರು.

ಸಾಹೇಬರು ಬರುವ ದಿನ ಬೆಳಿಗ್ಗೆ ಅಕ್ಕೋರು ಗೋಮ್ಲಿಯ ಮುಂದೆ ಮೊಣಕಾಲೂರಿ ಕುಳಿತರು. “ಯಾರೂ ಏನೂ ಅನ್ನಲ್ಲ ಕಣವ್ವ. ಇದು ನಿಂದೂನೂವೆ,” ಎಂದರು. ಗೋಮ್ಲಿ ತಲೆ ಅಲ್ಲಾಡಿಸಿದಳು. ಅಕ್ಕೋರ ಕಣ್ಣಲ್ಲಿ ನೀರಿತ್ತು. ತಮ್ಮ ತಾಯಿಯನ್ನೇ ಜಗಲಿಯಿಂದ ಎತ್ತಿ ಒಳಗೆ ತರುವವರಂತೆ ಅವರು ಆ ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಿದರು, ನನ್ನ ನಟ್ಟನಡುವೆ ಪಗಡೆ ಹಾಸಿನ ಮೇಲೆ ಕೂರಿಸಿದರು, ಮೇಲೇಳದಂತೆ ಹೆಗಲು ಹಿಡಿದು ಪಕ್ಕದಲ್ಲಿ ತಾವೂ ಕುಳಿತರು.

ಮಗುವಿನ ಮೈ ಕಟ್ಟಿಗೆಯಂತೆ ಬಿಗಿದುಕೊಂಡಿತು. ಅಳಲಿಲ್ಲ. ಅಂಗಾಲುಗಳನ್ನು ನನಗೆ ತಾಗದಂತೆ ಮೇಲೆತ್ತಿ ಹಿಡಿದಿತ್ತು. ಸ್ವಲ್ಪ ಹೊತ್ತಿಗೆ ನನ್ನ ಮೈ ಒದ್ದೆಯಾಯಿತು.

“ಅಕ್ಕೋರ, ಉಚ್ಚಿ ಹೊಯ್ದಾಳ್ರಿ,” ಎಂದು ಯಾರೋ ಕೂಗಿದರು. ಮಕ್ಕಳೆಲ್ಲ ನಕ್ಕವು. ಅಕ್ಕೋರ ಕೈ ಸಡಿಲಿತು. ಗೋಮ್ಲಿ ಎದ್ದು, ತನ್ನ ಲಂಗದ ಅಂಚಿನಿಂದ ನನ್ನನ್ನು ಒರೆಸತೊಡಗಿದಳು. ಉಜ್ಜಿದಳು, ಬಗ್ಗಿ ನೋಡಿದಳು, ಮತ್ತೆ ಉಜ್ಜಿದಳು. ಅಕ್ಕೋರು “ಇರ್ಲಿ ಬಿಡು, ಇರ್ಲಿ ಬಿಡು” ಎನ್ನುತ್ತಲೇ ಇದ್ದರು. ಕೊನೆಗೆ ಅವಳು ಸ್ಲೇಟನ್ನು ಅಲ್ಲೇ ಬಿಟ್ಟು ಓಡಿಹೋದಳು. ಅದುವರೆಗೆ ಎಷ್ಟೋ ಜನರ ತಪ್ಪು ಕೇಳಿದ್ದ ನಾನು ಆ ಮಗುವಿಗೆ ನಿನ್ನದು ತಪ್ಪಲ್ಲ ಎಂದು ಹೇಳಲಾರದೆ ಬಿದ್ದುಕೊಂಡಿದ್ದೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನನ್ನು ತೊಳೆದು ಕಾಂಪೌಂಡಿನ ಮೇಲೆ ಒಣಹಾಕಿದ್ದಾಗ ಕಿಶನ್ ಬಂದ.

“ಏನ್ರಿ ಅಕ್ಕೋರ, ನಮ್ಮಪ್ಪನ ಜಮಖಾನಕ್ಕ ಜಳಕ ಮಾಡಿಸೀರಿ? ಅಂವಾ ಇದ್ದಾಗ ಒಮ್ಮೆನೂ ನೀರು ಕಂಡಿದ್ದಿಲ್ಲ ಇದು,” ಎಂದು ನಗಾಡಿದ.

ಅಕ್ಕೋರು ನಡೆದದ್ದನ್ನು ಹೇಳಿದರು. ಹೇಳುತ್ತಾ ಹೋದಂತೆ ಅವನ ನಗು ಆರಿತು.

“ಯಾರು, ರೂಪ್ಲಾನ ಮಗಳಾ?” ಎಂದ. ಬೇವಿನ ಮರ, ಬೆಲ್ಲ, ಮುಗಿಯದೆ ಉಳಿದ ನ್ಯಾಯ, ಎಲ್ಲವನ್ನೂ ತಡೆತಡೆದು ಹೇಳಿದ. “ಅಪ್ಪನ ಜೋಡಿ ಅವೆಲ್ಲಾ ಹೋದುವು ಅಂದ್ಕೊಂಡಿದ್ದೆ ನಾ. ಆಕಿ ಅಜ್ಜಿ ಬಿಟ್ಟಿಲ್ಲ ನೋಡ್ರಿ.”

“ಇದನ್ನ ಮೊದ್ಲೇ ನನಗೆ ಹೇಳ್ಬಾರ್ದಾಗಿತ್ತಾ?”

“ನೀವು ಕೇಳಿದ್ರೇನ್ರಿ?” ಎಂದ ಕಿಶನ್. ಸಿಟ್ಟಿನಿಂದಲ್ಲ, ಹಾಗೇ ಎಂದ.

ಸಂಜೆ ಅವರು ಅವನನ್ನು ಬಿಡಲಿಲ್ಲ. ನನ್ನನ್ನು ಬೈಕಿಗೆ ಕಟ್ಟಿಸಿದರು. “ನಿಮ್ಮಪ್ಪನ ಜಾಗದಲ್ಲಿ ನಿಂತು ಆ ಮಗೂನ ಹೆಸರು ಹಿಡಿದು ಕರೀರಿ. ಅಷ್ಟು ಸಾಕು,” ಎಂದರು. “ನಾ ನಾಯಕ ಅಲ್ರಿ ಅಕ್ಕೋರ, ಟ್ರ್ಯಾಕ್ಟರ್ ಹೊಡ್ಯಾಂವ,” ಎಂದರೂ ಅವನು ಹೊರಟ.

ಝಾಲಿಬಾಯಿ ಮನೆಯ ಮುಂದೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತು ಸೆರಗು ಮುಂದಕ್ಕೆ ಎಳೆದುಕೊಂಡಳು.

“ಛೋರಿ ಇಲ್ಲ. ಕಬ್ಬಿನ ಲಾರಿ ಬಂದಿತ್ತು, ಅವರವ್ವನ ಕಡೆ ಕಳಿಸೀನಿ,” ಎಂದಳು. ಅವಳ ಕನ್ನಡ ಸಂತೆಯಲ್ಲಿ ಕಲಿತದ್ದು, ಹುಡುಗಿಯನ್ನು ಛೋರಿ ಎನ್ನುವುದು ಮಾತ್ರ ಮನೆಮಾತು. “ಉಣಲಿಲ್ಲ, ನಿದ್ದಿ ಮಾಡಲಿಲ್ಲ. ನಾ ತುಳದೀನಿ, ನಮ್ಮಪ್ಪಗ ಏನರ ಆಕ್ಕೈತಿ ಅಂತ ಅಳಾಕ ಹತ್ತಿತ್ತು. ಅಪ್ಪನ್ನ ಕಣ್ಣಿಲೆ ನೋಡಿದ್ರ ಸುಮ್ಮನಾಕ್ಕೈತಿ ಅಂತ ಕಳಿಸಿದೆ.”

“ತಪ್ಪಾಯ್ತು ಅಜ್ಜಿ. ನನಗೆ ಗೊತ್ತಿರಲಿಲ್ಲ,” ಎಂದರು ಅಕ್ಕೋರು.

ಮುದುಕಿ ಮತ್ತೆ ಜೋಳದ ಮುಂದೆ ಕುಳಿತಳು. “ನೀ ಕೆಟ್ಟಾಕಿ ಅಲ್ಲವ್ವಾ. ಆದ್ರ ನನ್ನ ಕೇಳಿ ಏನು ಮಾಡ್ತಿ? ಆಕಿನ್ನ ಕೇಳು,” ಎಂದು ಮತ್ತೆ ಮೊರ ಹಿಡಿದಳು.

ಕಿಶನ್ ನನ್ನನ್ನು ಬಿಚ್ಚಲೇ ಇಲ್ಲ. ಬಂದ ಹಾಗೇ ಶಾಲೆಗೆ ಮರಳಿದೆ.

ಅಂದಿನಿಂದ ಅಕ್ಕೋರು ನನ್ನನ್ನು ತರಗತಿಯಲ್ಲಿ ಹಾಸಲಿಲ್ಲ. ಹಳೆಯ ಗೋಣಿತಟ್ಟುಗಳೇ ಮರಳಿ ಬಂದವು. ವರಾಂಡದ ಮೂಲೆಯಲ್ಲಿ ಒರಗಿಕೊಂಡು ನಾನು ನೋಡುತ್ತಿದ್ದೆ. ಹೊಸ ಮಗು ಸೇರಿದರೆ ಅಕ್ಕೋರು ಅದರ ಮನೆಗೆ ಹೋಗಿ ಬರುತ್ತಿದ್ದರು. ತಾಂಡಾದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದಕ್ಕೆ ನಿಮ್ಮಲ್ಲಿ ಏನಂತಾರೆ, ಅದಕ್ಕೆ ಏನಂತಾರೆ ಎಂದು ಕೇಳಿ ಕಲಿಯುತ್ತಿದ್ದರು. ಅವರು ತಪ್ಪು ಆಡಿದಾಗ ಆ ಹುಡುಗಿ ಬಾಯಿಗೆ ಕೈ ಇಟ್ಟು ನಗುತ್ತಿದ್ದಳು. ಕಬ್ಬಿಗೆ ಹೋದವರು ಹೋಳಿ ಹಬ್ಬಕ್ಕೆ ತಾಂಡಾಕ್ಕೆ ಮರಳುತ್ತಿದ್ದರು; ಗೋಮ್ಲಿ ಬಂದಳೇ ಎಂದು ಪ್ರತಿ ಹೋಳಿಯ ಮಾರನೆಯ ದಿನ ಅಕ್ಕೋರು ಕೇಳುತ್ತಿದ್ದರು. ಬಂದಿದ್ದಾಳೆ, ಆದರೆ ಹೊರಗಿನವರನ್ನು ಕಂಡರೆ ಹಿತ್ತಲಿಗೆ ಓಡುತ್ತಾಳೆ ಎಂಬುದೇ ಉತ್ತರ. ಅಕ್ಕೋರೇ ಅವಳ ಮನೆಗೆ ಹೋದಾಗಲೂ ಹಾಗೇ ಆಯಿತು.

ಕೆಲವು ವರ್ಷಗಳ ಮೇಲೆ, ಒಂದು ಜೂನ್ ತಿಂಗಳ ಬೆಳಿಗ್ಗೆ, ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದಾಗ ಒಬ್ಬ ಎತ್ತರದ ಹುಡುಗಿ ತಮ್ಮನ ಕೈ ಹಿಡಿದು ಬಂದಳು. ಅಂಗೈಗಳು ಬಿರಿದಿದ್ದವು. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿದ್ದಳು. ಅಕ್ಕೋರು ಕುರ್ಚಿಯಿಂದ ಎದ್ದೇಬಿಟ್ಟರು. ಇಷ್ಟು ವರ್ಷ ಕಲಿತಿಟ್ಟುಕೊಂಡಿದ್ದ ಲಂಬಾಣಿ ಮಾತುಗಳಲ್ಲಿ, ಒಂದೊಂದಾಗಿ ಹುಡುಕಿ ತೆಗೆದು, ಅಂದು ನಾನು ತಪ್ಪು ಮಾಡಿದೆ ಎಂದು ಹೇಳಿದರು.

ಗೋಮ್ಲಿ ಕೇಳಿಸಿಕೊಂಡಳು. ಅವಳು ಉತ್ತರ ಕೊಟ್ಟದ್ದು ಕನ್ನಡದಲ್ಲಿ. ಕಬ್ಬಿನ ಗದ್ದೆಯಲ್ಲಿ ಕಲಿತ ಗಟ್ಟಿ ಕನ್ನಡ.

“ಇರಲಿ ಬಿಡ್ರಿ. ಇವನ ಹೆಸರು ಬರಕೋರಿ.”

“ನೀನೂ ಬಾ ಗೋಮ್ಲಿ. ಇನ್ನೂ ಹೊತ್ತು ಮೀರಿಲ್ಲ. ನಾನು ಹೇಳ್ಕೊಡ್ತೀನಿ.”

“ನಂಗೆಲ್ಲಿ ಆಕ್ಕೈತ್ರಿ. ಮನ್ಯಾಗ ಅಡಗಿ, ಹೊಲದಾಗ ಕಳೆ.” ತಮ್ಮನ ಅಂಗಿಯ ಗುಂಡಿ ಹಾಕಿ, ಬೆನ್ನು ತಟ್ಟಿ ಒಳಗೆ ಕಳಿಸಿದಳು. ಹೊರಡುವ ಮುನ್ನ ತಿರುಗಿ, “ಅಕ್ಕೋರ, ಇಂವಾ ಎಲ್ಲಿ ಕುಂಡ್ರತಾನ ಅಲ್ಲಿ ಕುಂಡ್ರಲಿ. ಎತ್ತಿ ಮಾತ್ರ ಕುಂಡ್ರಸಬ್ಯಾಡ್ರಿ,” ಎಂದಳು.

“ಇಲ್ಲವ್ವ,” ಎಂದರು ಅಕ್ಕೋರು. ಅವಳು ಹೊಲದ ದಾರಿ ಹಿಡಿದು ಮರೆಯಾಗುವವರೆಗೂ ಅವರು ನಿಂತೇ ಇದ್ದರು.

ಈಗ ಅಕ್ಕೋರಿಗೂ ವರ್ಗವಾಗಿದೆ. ನಾನು ಶಾಲೆಯ ಸಾಮಾನಿನ ಕೋಣೆಯಲ್ಲಿ, ಕಾಲು ಮುರಿದ ಮೇಜಿನಡಿ ಇದ್ದೇನೆ. ಇಲಿಗಳು ಅಂಚಿನಿಂದ ತಿನ್ನುತ್ತಾ ಬಂದಿವೆ. ನನ್ನ ಮೇಲೆ ಕುಳಿತು ದೊಡ್ಡವರು ತೀರಿಸಿದ ಋಣಗಳು ಬಹಳ. ಅಕ್ಕೋರು ಮಾತು ಕೊಟ್ಟರು, ಗೋಮ್ಲಿ ಇಸಿದುಕೊಂಡಳು. ಆದರೆ ಅವಳಿಗೆ ಸಲ್ಲಬೇಕಾಗಿದ್ದುದು ಮಾತಲ್ಲ, ಶಾಲೆ. ಗೋಡೆಯ ಆಚೆ ಅವಳ ತಮ್ಮ ಮಗ್ಗಿ ಹೇಳುತ್ತಿದ್ದಾನೆ. ನಡುವೆ ತಡವರಿಸಿದಾಗ ಒಂದು ಹಿಡಿ ಲಂಬಾಣಿ ಬೆರೆಸುತ್ತಾನೆ. ಹೊಸ ಮಾಸ್ತರರು ಏನನ್ನುತ್ತಾರೋ ಎಂದು ನಾನು ಕತ್ತಲಲ್ಲಿ ಕಿವಿಗೊಟ್ಟು ಮಲಗಿದ್ದೇನೆ.